ಔಷಧಿ ಅಣಬೆ ಒಣಗಿಸುವಾಗ ಏನು ಉಳಿಯತ್ತೆ, ಏನು ಹೋಗತ್ತೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಅಣಬೆ ಬಗ್ಗೇನೇ. ಮೊದಲೆಲ್ಲ ಚಿಪ್ಪಣಬೆ ಬೆಳೆಯೋದು ಹೇಗೆ, ಬೀಜ ಎಲ್ಲಿ ಸಿಗತ್ತೆ ಅಂತ ಕೇಳ್ತಿದ್ರು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಕಡೆ ಕೈ ತೋರಿಸಿದ್ರೆ ಮುಗೀತಿತ್ತು. ಈಗ ರೀಶಿ, ಕಾರ್ಡಿಸೆಪ್ಸ್, ಲಯನ್ಸ್ ಮೇನ್ ಅಂತ ಎಲ್ಲರೂ ಔಷಧಿ ಅಣಬೆಗೆ ಇಳಿದಿದಾರೆ. ಬೆಳೆಯೋದನ್ನ ಹೇಗೋ ಕಲೀತಾರೆ, ಒಣಗಿಸೋ ಹೊತ್ತಿಗೆ ತಲೆ ಕೆಡತ್ತೆ. ಅದಕ್ಕೇ ಈ ತಿಂಗಳ ಅಂಕಣ ಪೂರ್ತಿ ಅದಕ್ಕೆ.

ಪ್ರಶ್ನೆ: ಸರ್, ಸಾಗರದ ಹತ್ರ ನಮ್ದೊಂದು ಸಣ್ಣ ಅಣಬೆ ಶೆಡ್ ಇದೆ. ಚಿಪ್ಪಣಬೆ ಜೊತೆ ಈಗ ರೀಶಿ ಬ್ಯಾಗೂ ಇಟ್ಟಿದೀವಿ. 40 ಡಿಗ್ರಿ ದಾಟಿದ್ರೆ ಔಷಧಿ ಗುಣ ಎಲ್ಲಾ ಸತ್ತೋಗತ್ತೆ ಅಂತ ಯೂಟ್ಯೂಬಲ್ಲಿ ಹೇಳ್ತಾರೆ, ಅದಕ್ಕೆ ಡ್ರೈಯರನ್ನ 38ಕ್ಕೆ ಇಟ್ಟು ಒಣಗಿಸ್ತೀವಿ. ಮಳೆಗಾಲದಲ್ಲಿ ಎರಡು ದಿನ ಆದ್ರೂ ಒಣಗಲ್ಲ, ಹುಳಿ ವಾಸನೆ ಬೇರೆ. ಬಿಸಿ ಜಾಸ್ತಿ ಮಾಡ್ಬಹುದಾ?

ಉತ್ತರ: ಧಾರಾಳವಾಗಿ ಮಾಡಿ. ಆ 40 ಡಿಗ್ರಿ ಮಾತು ಎಲ್ಲಿಂದ ಹುಟ್ಟಿತೋ, ಅದನ್ನ ನಂಬಿ ಅಣಬೆ ಕೆಡಿಸ್ಕೊಂಡೋರ ಪತ್ರ ನಿಮ್ಮದೊಂದೇ ಅಲ್ಲ. ಬಿಸಿಗೆ ಹೆದರಿ ನಿಧಾನಕ್ಕೆ ಒಣಗಿಸೋದರಿಂದ ಆಗೋ ನಷ್ಟಾನೇ ಹೆಚ್ಚು ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ.

ಔಷಧಿ ಗುಣ ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡ್ತೀವಿ, ಒಳಗೆ ಇರೋದು ಬೇರೆ ಬೇರೆ ವಸ್ತುಗಳು, ಒಂದೊಂದರ ಸ್ವಭಾವ ಒಂದೊಂದು ಥರ. ಬೀಟಾ ಗ್ಲೂಕನ್ ಅನ್ನೋದು ಅಣಬೆಯ ಜೀವಕೋಶದ ಗೋಡೆಯಲ್ಲೇ ಇರೋ ನಾರು, ಅದನ್ನ ಹೊರಗೆ ತೆಗೆಯೋದೇ ಕುದಿಯೋ ನೀರಲ್ಲಿ ಗಂಟೆಗಟ್ಟಲೆ ಬೇಯಿಸಿ, ಅಂಥದ್ದು 50-55 ಡಿಗ್ರಿ ಗಾಳಿಗೆ ಹೋಗಿಬಿಡತ್ತಾ? ರೀಶಿಯ ಕಹಿಗೆ ಕಾರಣವಾದ ಟ್ರೈಟರ್ಪೀನುಗಳೂ ಈ ಮಟ್ಟದ ಬಿಸೀನ ತಡ್ಕೊಳ್ತವೆ. ಚಿಪ್ಪಣಬೆಯಲ್ಲಿ ಚೆನ್ನಾಗಿರೋ ಎರ್ಗೋಥಯೋನಿನ್ ಅನ್ನೋ ಉತ್ಕರ್ಷಣ ನಿರೋಧಕಾನೂ ಅಡುಗೆ ಬಿಸಿಗೆ ಜಗ್ಗಲ್ಲ. ಬಿಸಿಗೆ ಸೂಕ್ಷ್ಮ ಇರೋದು ಅಂದ್ರೆ ಪರಿಮಳದ ಅಂಶಗಳು, ಕೆಲವು ಫೀನಾಲುಗಳು, ವಿಟಮಿನ್ ಸಿ ಥರದ್ದು. ಅದಕ್ಕೋಸ್ಕರ ರೀಶಿ ಬೆಳೆಯೋರು ಯಾರೂ ಇಲ್ಲ.

ಬೀಟಾ ಗ್ಲೂಕನ್ನಿನ ನಿಜವಾದ ವೈರಿ ಅಣಬೆ ಒಳಗೇ ಕೂತಿದೆ. ಕಿತ್ತ ಮೇಲೂ ಅಣಬೆ ಉಸಿರಾಡ್ತಾನೇ ಇರತ್ತೆ, ಅದರ ಕಿಣ್ವಗಳು ತನ್ನ ಗೋಡೇನ ತಾನೇ ಕರಗಿಸ್ತಾ ಹೋಗ್ತವೆ. ಶಿಟಾಕೆ ಅಣಬೇನ ಸುಮ್ನೆ 20 ಡಿಗ್ರಿ ಕೋಣೆಯಲ್ಲಿ ಇಟ್ಟಿದ್ದಕ್ಕೇ ಅದರ ಲೆಂಟಿನಾನ್ ಅನ್ನೋ ಬೀಟಾ ಗ್ಲೂಕನ್ ಕಮ್ಮಿಯಾಗ್ತಾ ಹೋಗಿದ್ದನ್ನ ಜಪಾನಿನಲ್ಲಿ ಅಳೆದು ನೋಡಿದಾರೆ. ಈಗ ನಿಮ್ಮ 38 ಡಿಗ್ರಿ ಪೆಟ್ಟಿಗೆ ಯೋಚನೆ ಮಾಡಿ, ಕಿಣ್ವಕ್ಕೂ ಹಿತ, ಬ್ಯಾಕ್ಟೀರಿಯಾಕ್ಕೂ ಹಿತ, ನೀರಂತೂ ಬೇಕಾದಷ್ಟಿದೆ. ಹುಳಿ ವಾಸನೆ ಬರದೆ ಇನ್ನೇನಾಗತ್ತೆ.

ಇನ್ನೊಂದು ವಿಷಯ ಮಲೆನಾಡಿನೋರು ಖಂಡಿತ ತಿಳ್ಕೊಬೇಕು. ಒಣಗಿಸೋದು ಬರೀ ಬಿಸಿ ಅಲ್ಲ, ಗಾಳಿ ನೀರಿಗೆ ಎಷ್ಟು ಹಸಿದಿದೆ ಅನ್ನೋದೂ ಮುಖ್ಯ. ಆಷಾಢದ ಮಳೇಲಿ ಹೊರಗೆ 28 ಡಿಗ್ರಿ, ಆರ್ದ್ರತೆ 90 ಪರ್ಸೆಂಟ್ ಇದೆ ಅಂದ್ಕೊಳ್ಳಿ. ಅದೇ ಗಾಳೀನ 40ಕ್ಕೆ ಕಾಯಿಸಿದ್ರೆ ಆರ್ದ್ರತೆ ಸುಮಾರು 46ಕ್ಕೆ ಇಳಿಯತ್ತೆ, 50ಕ್ಕೆ ಕಾಯಿಸಿದ್ರೆ 28ರ ಹತ್ರ ಬರತ್ತೆ. ಹತ್ತೇ ಡಿಗ್ರಿ ವ್ಯತ್ಯಾಸಕ್ಕೆ ಗಾಳಿ ನೀರು ಹೀರೋ ಶಕ್ತಿ ಎಲ್ಲಿಂದೆಲ್ಲಿಗೆ ಹೋಯ್ತು ನೋಡಿ. ಅದಕ್ಕೇ ಬಯಲುಸೀಮೆಯ ಬೇಸಿಗೇಲಿ 40 ಡಿಗ್ರಿಗೆ ಒಣಗೋದು ನಿಮ್ಮಲ್ಲಿ ಒಣಗಲ್ಲ.

ಹಾಗಂತ ಮೊದಲೇ 65-70ಕ್ಕೆ ಏರಿಸ್ಬೇಡಿ. ಮೇಲಿನ ಪದರ ಗಟ್ಟಿಯಾಗಿ ಒಳಗಿನ ನೀರು ಅಲ್ಲೇ ಸಿಕ್ಕಿಹಾಕ್ಕೊಳತ್ತೆ, ಹೊರಗೆ ಕಟಕಟ ಅಂತಿರತ್ತೆ, ಮುರಿದು ನೋಡಿದ್ರೆ ನಡುವೆ ಹಸಿ. ಮೊದಲ ಎರಡು ಮೂರು ಗಂಟೆ 42-45, ಫ್ಯಾನ್ ಜೋರಾಗಿರ್ಲಿ, ತೇವದ ಗಾಳಿ ಹೊರಗೆ ಹೋಗೋ ಕಿಂಡಿ ಪೂರ್ತಿ ತೆರೆದಿರ್ಲಿ. ಆಮೇಲೆ 50, ಕೊನೆಗೆ 55. ರೀಶಿಗೆ ಕೊನೆಯಲ್ಲಿ 60 ಕೊಟ್ರೂ ತೊಂದ್ರೆ ಇಲ್ಲ. ಮತ್ತೆ ರೀಶೀನ ಹಸಿ ಇರುವಾಗಲೇ ನಾಲ್ಕೈದು ಮಿಲಿಮೀಟರ್ ದಪ್ಪಕ್ಕೆ ಸೀಳಿಬಿಡಿ. ಇಡೀದಾಗಿ ಒಣಗಿಸಿದ್ರೆ ಆಮೇಲೆ ಚಾಕು ಇಳಿಯಲ್ಲ, ಕೊಡಲಿ ತಗೋಬೇಕಾಗತ್ತೆ. ಅಂಚಿನ ಬಿಳಿ ಗೆರೆ ಮಾಯವಾಗಿ ಪೂರ್ತಿ ಕೆಂಪಾದ ಮೇಲೆ ಕೀಳಿ, ಮೇಲೆ ಕೂತಿರೋ ಕಂದು ಪುಡಿ ಧೂಳಲ್ಲ, ಅದರದೇ ಬೀಜಕಣ, ಒರೆಸಿದ್ರೆ ಸಾಕು, ತೊಳೀಬೇಡಿ.

ಪ್ರಶ್ನೆ: ಮೈಸೂರಿನಿಂದ. ಲಯನ್ಸ್ ಮೇನ್ ಅಣಬೆ ಡಿಹೈಡ್ರೇಟರಲ್ಲಿ ಒಣಗಿಸಿದ್ರೆ ಒಂದ್ಸಲ ಬೆಳ್ಳಗೆ ಬರತ್ತೆ, ಒಂದ್ಸಲ ಟೀ ಬಣ್ಣಕ್ಕೆ ತಿರುಗತ್ತೆ. ಬೇಗ ಒಣಗಲಿ ಅಂತ ಮೊದಲು ಹಿಂಡಿ ನೀರು ತೆಗೀತೀನಿ. ಪೂರ್ತಿ ಒಣಗಿದೆ ಅಂತ ಗೊತ್ತಾಗೋದು ಹೇಗೆ? ಒಂದು ಕಿಲೋ ಹಸಿಗೆ ಎಷ್ಟು ಒಣ ಬರಬೇಕು?

ಉತ್ತರ: ಹಿಂಡೋದನ್ನ ಮೊದಲು ನಿಲ್ಲಿಸಿ. ಆ ಹಳದಿ ನೀರಿನ ಜೊತೆ ನೀರಲ್ಲಿ ಕರಗೋದೆಲ್ಲ ಸಿಂಕಿಗೆ ಹೋಗತ್ತೆ. ಜೊತೆಗೆ ಹಿಂಡಿದ ಕಡೆ ಜೀವಕೋಶ ಒಡೆದು ಕಿಣ್ವ ಗಾಳಿ ಎರಡೂ ಸೇರಿ ಕಂದಾಗತ್ತೆ, ಬದನೆಕಾಯಿ ಹೆಚ್ಚಿಟ್ರೆ ಕಪ್ಪಾಗೋ ಹಾಗೆ. ಬಣ್ಣ ಒಂದೊಂದ್ಸಲ ಒಂದೊಂದು ಥರ ಬರೋದಕ್ಕೆ ಇನ್ನೊಂದು ಕಾರಣ ಕೊಯ್ಲಿನ ಹೊತ್ತು. ಮುಳ್ಳಿನ ಥರ ಇಳಿಬಿದ್ದಿರೋ ಎಳೆಗಳು ಒಂದು ಸೆಂಟಿಮೀಟರ್ ಆಸುಪಾಸು ಇರುವಾಗ ಕಿತ್ರೆ ಬಿಳಿ ಉಳಿಯತ್ತೆ, ಬಿಟ್ಟು ಉದ್ದ ಆದ್ರೆ ಶೆಡ್ಡಲ್ಲೇ ಹಳದಿಗೆ ತಿರುಗತ್ತೆ, ರುಚೀನೂ ಕಹಿ. ಕಿತ್ತ ದಿನವೇ ಕೈಯಲ್ಲಿ ಹರಿದು, ಬೆರಳ ದಪ್ಪ ಮೀರದ ಹಾಗೆ ಒಂದೇ ಪದರ ಹರಡಿ. ಟ್ರೇಗಳನ್ನ ಮಧ್ಯೆ ಒಂದ್ಸಲ ಅದಲುಬದಲು ಮಾಡಿ, ಸಣ್ಣ ಮಷೀನುಗಳಲ್ಲಿ ಫ್ಯಾನ್ ಪಕ್ಕದ ಟ್ರೇ ಒಣಗಿ ಮುಗಿದ್ರೂ ದೂರದ್ದು ಮೆತ್ತಗೇ ಇರತ್ತೆ.

ಕೆಲವು ಕೈಪಿಡಿಗಳಲ್ಲಿ ಮೊದಲು ಬಿಸಿನೀರಲ್ಲಿ ಅದ್ದಿ, ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ನೀರಲ್ಲಿ ನೆನೆಸಿ ಒಣಗಿಸಿ ಅಂತ ಬರೆದಿರ್ತಾರೆ. ಅದು ಸಾರು ಪಲ್ಯದ ಅಣಬೆಗೆ, ಬಣ್ಣಕ್ಕೋಸ್ಕರ. ಗುಣಕ್ಕೋಸ್ಕರ ಒಣಗಿಸೋರು ಅದನ್ನ ಮಾಡ್ಬಾರ್ದು, ಬಿಸಿನೀರಲ್ಲಿ ಅದ್ದಿದಾಗಲೇ ಒಂದಷ್ಟು ಕರಗಿ ಹೋಗಿರತ್ತೆ. ಸಲ್ಫೈಟ್ ಬೇರೆ ಆಸ್ತಮಾ ಇರೋರಿಗೆ ಆಗಿಬರಲ್ಲ.

ಇನ್ನು ಲೆಕ್ಕ. ತಾಜಾ ಅಣಬೆಯಲ್ಲಿ ಸುಮಾರು 90 ಪರ್ಸೆಂಟ್ ನೀರು. ಅಂದ್ರೆ ಒಂದು ಕಿಲೋದಲ್ಲಿ ಗಟ್ಟಿ ಪದಾರ್ಥ 100 ಗ್ರಾಂ. ಒಣಗಿದ್ದರಲ್ಲಿ 10 ಪರ್ಸೆಂಟ್ ತೇವ ಉಳಿಸಿದ್ರೆ ತೂಕ 111 ಗ್ರಾಂ, 8 ಪರ್ಸೆಂಟಿಗೆ ಇಳಿಸಿದ್ರೆ 109 ಗ್ರಾಂ. ನಿಮಗೆ 130-140 ಬಂತು ಅಂದ್ರೆ ಖುಷಿ ಪಡ್ಬೇಡಿ, ಅದು ಇನ್ನೂ ಒಣಗಿಲ್ಲ. ಅಡುಗೆಮನೆ ಡಿಜಿಟಲ್ ತಕ್ಕಡಿ ಇದ್ರೆ ಸಾಕು, ಒಂದು ಟ್ರೇ ತೂಕ ಮಾಡಿ, ಒಂದು ಗಂಟೆ ಬಿಟ್ಟು ಮತ್ತೆ ಮಾಡಿ, ತೂಕ ಅಲ್ಲಾಡದಿದ್ರೆ ಮುಗೀತು. ತುಂಡು ಬಗ್ಗಬಾರ್ದು, ಟಕ್ ಅಂತ ಮುರೀಬೇಕು. ಆದ್ರೆ ಮುರಿದು ನೋಡೋದು ತಣ್ಣಗಾದ ಮೇಲೆ, ಬಿಸಿ ಇರುವಾಗ ಒಣಗಿದ್ದೂ ಸ್ವಲ್ಪ ಮೆತ್ತಗೇ ಇರತ್ತೆ, ಅದನ್ನ ನೋಡಿ ಸುಮ್ನೆ ಇನ್ನೂ ಮೂರು ಗಂಟೆ ಕರೆಂಟ್ ಉರಿಸೋರಿದಾರೆ.

ಇನ್ನೂ ಅನುಮಾನ ಇದ್ರೆ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ಎರಡು ದಿನ ಬಿಡಿ. ಒಳಗೆ ಗಾಜಿನ ಮೇಲೆ ಮಂಜು ಹಿಡಿದ್ರೆ, ಅಥವಾ ಮೊನ್ನೆ ಮುರೀತಿದ್ದ ತುಂಡು ಇವತ್ತು ಬಗ್ಗಿದ್ರೆ, ವಾಪಸ್ ಟ್ರೇಗೆ.

ಪ್ರಶ್ನೆ: ಪುತ್ತೂರಿನಿಂದ ಬರೆಯುವುದು. ನಮ್ಮಲ್ಲಿ ಅಡಿಕೆ ಒಣಗಿಸುವ ಗೂಡು ಉಂಟು, ಅಡುಗೆಮನೆಯ ಅಟ್ಟವೂ ಉಂಟು, ಕೆಳಗೆ ಒಲೆ ಉರಿಯುವ ಕಾರಣ ಮಳೆಗಾಲದಲ್ಲಿಯೂ ಬೆಚ್ಚಗೆ. ಅಣಬೆಗೆ ಬೇರೆ ಮಷೀನು ಯಾಕೆ ಮಾರಾಯ್ರೆ?

ಉತ್ತರ: ಅಟ್ಟ ಬೇಡ. ಬಿಸಿ ಸರಿ ಇದ್ರೂ ಹೊಗೆ ಸರಿ ಇಲ್ಲ. ಒಣಗ್ತಿರೋ ಅಣಬೆ ಅಂದ್ರೆ ಸ್ಪಂಜು, ಸೌದೆ ಹೊಗೆಯಲ್ಲಿರೋ ಟಾರಿನ ಅಂಶ ಎಲ್ಲಾ ಕುಡಿದುಬಿಡತ್ತೆ, ಅದರಲ್ಲಿ ಕ್ಯಾನ್ಸರ್ ತರೋ ಅಂಥದ್ದೂ ಇರ್ತವೆ. ಅಡಿಕೆಗಾದ್ರೆ ಸಿಪ್ಪೆ ಇದೆ, ಅಣಬೆಗೆ ಏನೂ ಇಲ್ಲ. ಗೂಡಿನಲ್ಲೂ ಇದೇ ನೋಡಿ, ಹೊಗೆ ಕೊಳವೆಯಲ್ಲೇ ಹೊರಗೆ ಹೋಗಿ ಬರೀ ಬಿಸಿ ಗಾಳಿ ಮಾತ್ರ ಒಳಗೆ ಬರೋ ಮಾದರಿಯಾದ್ರೆ ಅಡ್ಡಿಯಿಲ್ಲ. ಸಕಲೇಶಪುರ, ಮಡಿಕೇರಿ ಕಡೆ ಏಲಕ್ಕಿ ಡ್ರೈಯರ್ ಇರೋರಿಗೆ ಇನ್ನೂ ಸುಲಭ, ಏಲಕ್ಕಿ ಹಸಿರು ಉಳಿಸೋಕೆ ಅವ್ರು ಕಾಯ್ದುಕೊಳ್ಳೋ 45ರಿಂದ 50-55 ಡಿಗ್ರಿ ಅಣಬೆಗೂ ಹೇಳಿ ಮಾಡಿಸಿದ ಹಾಗಿದೆ. ಏಲಕ್ಕಿ ಇದ್ದ ಜಾಲರಿ ಮೇಲೇ ಹರಡಿದ್ರೆ ಮಾತ್ರ ನಿಮ್ಮ ರೀಶಿ ಪಾಯಸದ ವಾಸನೆ ಹೊಡೆಯತ್ತೆ, ಜಾಲರಿ ಬೇರೆ ಇಟ್ಕೊಳ್ಳಿ.

ಪ್ರಶ್ನೆ: ಧಾರವಾಡದಾಗ ಬ್ಯಾಸಗ್ಯಾಗ ಬಿಸಲಿಗೇನ ಕಮ್ಮಿ ಇಲ್ರಿ. ಬಿಸಲಾಗ ಒಣಗಿಸಿದ್ರ ಅಣಬ್ಯಾಗ ವಿಟಮಿನ್ ಡಿ ಬರ್ತದ ಅಂತಾರ, ಮತ್ತ ಒಬ್ರು ಬಿಸಲಿಗೆ ಔಷಧಿ ಗುಣ ಹೋಗ್ತದ ಅಂತಾರ. ಯಾವ್ದು ಖರೇ?

ಉತ್ತರ: ಎರಡೂ ಖರೇ, ಯಾವ ಅಣಬೆ ಅನ್ನೋದರ ಮೇಲೆ ನಿಂತಿದೆ. ಅಣಬೆಯಲ್ಲಿ ಎರ್ಗೊಸ್ಟೆರಾಲ್ ಅಂತ ಇರತ್ತೆ, ಬಿಸಿಲಿನ ಅತಿನೇರಳೆ ಕಿರಣ ಬಿದ್ರೆ ಅದು ವಿಟಮಿನ್ ಡಿ2 ಆಗಿ ಬದಲಾಗತ್ತೆ. ಕತ್ತಲ ಕೋಣೆಯಲ್ಲಿ ಬೆಳೆದ ಅಣಬೆಯಲ್ಲಿ ವಿಟಮಿನ್ ಡಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ಅದನ್ನೇ ಮಧ್ಯಾಹ್ನದ ಬಿಸಿಲಿಗೆ 15 ನಿಮಿಷದಿಂದ ಎರಡು ಗಂಟೆವರೆಗೆ ಇಟ್ರೆ 100 ಗ್ರಾಂ ತಾಜಾ ಅಣಬೆಯಲ್ಲಿ 10 ಮೈಕ್ರೋಗ್ರಾಂ ದಾಟಬಹುದು, ಸಣ್ಣ ಲೆಕ್ಕ ಅಲ್ಲ ಅದು. ಹೆಚ್ಚಿದ ಚೂರಾದ್ರೆ ಇನ್ನೂ ಒಳ್ಳೇದು. ಚಿಪ್ಪಣಬೆ ಆದ್ರೆ ಕೆಳಗಿನ ಗೆರೆಗೆರೆ ಭಾಗ ಮೇಲೆ ಮಾಡಿ ಇಡಿ, ಎರ್ಗೊಸ್ಟೆರಾಲ್ ಅಲ್ಲಿ ಜಾಸ್ತಿ. ಸಮಯ ಬೆಳಿಗ್ಗೆ 10ರಿಂದ ಮಧ್ಯಾಹ್ನ 3, ಅದರ ಹೊರಗಿನ ಬಿಸಿಲಲ್ಲಿ ಬೇಕಾದ ಕಿರಣ ತೀರಾ ಕಮ್ಮಿ. ಗಾಜಿನ ಹಿಂದೆ ಇಟ್ರೆ ಪ್ರಯೋಜನ ಇಲ್ಲ, ಗಾಜು ಆ ಕಿರಣಾನ ತಡೀತದ. ನೋಡಿ, ನಿಮ್ಮ ಪತ್ರ ಓದಿ ನಂಗೂ ಧಾರವಾಡದ ಗಾಳಿ ಬಡೀತು.

ನನ್ನ ಕೇಳಿದ್ರೆ ಎರಡನ್ನೂ ಸೇರಿಸಿ ಮಾಡಿ. ಚಿಪ್ಪಣಬೆ, ಶಿಟಾಕೆ ಇವನ್ನ ಒಂದು ತಾಸು ಬಿಸಿಲು ಕಾಯಿಸಿ, ಆಮೇಲೆ ಮಷೀನಿನಲ್ಲೋ ನೆರಳಿನ ಒಣ ಗಾಳಿಯಲ್ಲೋ ಮುಗಿಸಿ. ಡಿಹೈಡ್ರೇಟರಲ್ಲಿ ಒಣಗಿಸಿಟ್ಟ ಚೂರುಗಳನ್ನ ಆಮೇಲೆ ಬಿಸಿಲಿಗೆ ಇಟ್ರೂ ವಿಟಮಿನ್ ಡಿ ಬರತ್ತೆ. ತಗಡಿನ ಚಾವಣಿ ಮೇಲೆ ನೇರ ಹರಡೋದು ಬೇಡ, ಏಪ್ರಿಲಲ್ಲಿ ಆ ತಗಡು ಅಣಬೇನ ಹುರಿದೇ ಹಾಕತ್ತೆ, ಮಂಚದ ಮೇಲೆ ಜಾಲರಿ ಹಾಸಿ, ಮೇಲೊಂದು ಸೊಳ್ಳೆಪರದೆ ಮುಚ್ಚಿ, ನೊಣ ಬರ್ಬಾರ್ದು. ಸಂಜೆ ಆದ ಕೂಡ್ಲೆ ಒಳಗೆ ತನ್ನಿ, ರಾತ್ರಿ ಇಬ್ಬನಿ ಹಗಲಿನ ಕೆಲಸಾನ ವಾಪಸ್ ಮಾಡಿಬಿಡತ್ತೆ.

ಕಾರ್ಡಿಸೆಪ್ಸಿಗೆ ಮಾತ್ರ ಬಿಸಿಲು ತೋರಿಸ್ಲೇಬೇಡಿ. ಯಾಕೆ ಅಂತ ಮುಂದಿನ ಪ್ರಶ್ನೆಯಲ್ಲೇ ಇದೆ.

ಪ್ರಶ್ನೆ: ತುಮಕೂರಿನಲ್ಲಿ ಒಂದು ರೂಮಿಗೆ ಎಸಿ ಹಾಕ್ಸಿ ಕಾರ್ಡಿಸೆಪ್ಸ್ ಮಿಲಿಟಾರಿಸ್ ಬೆಳೀತಿದೀವಿ. ಒಣಗಿಸಿದಾಗ ಚೆಂದದ ಕೇಸರಿ ಬಣ್ಣ ಇತ್ತು, ಎರಡು ತಿಂಗಳಲ್ಲಿ ಮಾಸಿ ಒಣಹುಲ್ಲಿನ ಥರ ಆಗಿದೆ. ಗಿರಾಕಿ ಹಳೇ ಮಾಲು ಅಂತಾರೆ. ಇನ್ನೊಬ್ರು 40 ಪರ್ಸೆಂಟ್ ಪಾಲಿಸ್ಯಾಕರೈಡ್ ಇರೋ ಪುಡಿ ನಮ್ಮ ಅರ್ಧ ರೇಟಿಗೆ ಕೊಡ್ತಿದಾರೆ. ನಮಗ್ಯಾಕೆ ಅಷ್ಟು ಬರಲ್ಲ?

ಉತ್ತರ: ಮೊದಲು ಬಣ್ಣ. ಆ ಕೇಸರಿ ಕ್ಯಾರೊಟಿನಾಯ್ಡಿನದು, ಬೆಳಕು ಮತ್ತು ಗಾಳಿ ಎರಡೂ ಅದಕ್ಕೆ ಆಗಲ್ಲ. ಪಾರದರ್ಶಕ ಡಬ್ಬಿಯಲ್ಲಿ ಅಂಗಡಿ ಟ್ಯೂಬ್‌ಲೈಟ್ ಕೆಳಗೆ ಇಟ್ರೆ ಮಾಸೋದೇ. ಗಿರಾಕಿಗೆ ಕಾಣಲಿ ಅಂತ ಇಟ್ಟಿರ್ತೀರಿ, ಕಾಣಿಸಿ ಕಾಣಿಸಿಯೇ ಬಣ್ಣ ಹೋಗಿರತ್ತೆ. ಅಲ್ಯೂಮಿನಿಯಂ ಪದರ ಇರೋ ಪೌಚಿಗೆ ಹಾಕಿ ಸೀಲ್ ಮಾಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಸಾಧ್ಯ ಆದ್ರೆ ಆಮ್ಲಜನಕ ಹೀರೋ ಪೊಟ್ಟಣಾನೂ ಹಾಕಿ. ಬಣ್ಣ ಮಾಸಿದ ಮಾತ್ರಕ್ಕೆ ಇದರ ಔಷಧಿ ಅಂಶ ಕಾರ್ಡಿಸೆಪಿನ್ ಹೋಯ್ತು ಅಂತಲ್ಲ, ಅದು ಬೇರೆಯೇ ವಸ್ತು. 1950ರಲ್ಲಿ ಇದೇ ಮಿಲಿಟಾರಿಸ್ ಜಾತಿಯಿಂದಲೇ ಅದನ್ನ ಮೊದಲು ಬೇರ್ಪಡಿಸಿದ್ದು, ನೀರಲ್ಲಿ ಕರಗತ್ತೆ, ಬಿಸಿನೀರಿನ ಕಷಾಯದಲ್ಲೂ ಉಳಿಯತ್ತೆ. 50 ಡಿಗ್ರಿ ಒಳಗೆ ಒಂದೇ ರಾತ್ರಿಯಲ್ಲಿ ಒಣಗಿಸೋದಾದ್ರೆ ಅದರ ಬಗ್ಗೆ ಚಿಂತೆ ಬೇಡ. ನೀರಲ್ಲಿ ಕರಗತ್ತೆ ಅನ್ನೋದನ್ನ ಮಾತ್ರ ನೆನಪಿಡಿ, ಕೊಯ್ದ ಮೇಲೆ ತೊಳೆಯೋ ಅಭ್ಯಾಸ ಇದ್ರೆ ಬಿಡಿ.

ಫ್ರೀಜ್ ಡ್ರೈಯರ್, ಅಂದ್ರೆ ಹೆಪ್ಪುಗಟ್ಟಿಸಿ ಒಣಗಿಸೋ ಮಷೀನು, ಬೇಕಾ ಅಂತಾನೂ ನೀವು ಕೆಳಗೆ ಸಣ್ಣದಾಗಿ ಬರೆದಿದೀರಿ. ಅದರಲ್ಲಿ ಆಕಾರ ಬಣ್ಣ ಪರಿಮಳ ಚೆನ್ನಾಗಿ ಉಳಿಯತ್ತೆ, ನಿಜ. ಆದ್ರೆ ಲಕ್ಷಗಟ್ಟಲೆ ದುಡ್ಡು, ಕರೆಂಟು ಬೇರೆ. ನೋಟಕ್ಕೆ ದುಡ್ಡು ಕೊಡೋ ಗಿರಾಕಿ ಕೈಯಲ್ಲಿದ್ರೆ ಯೋಚನೆ ಮಾಡಿ. ಬೀಟಾ ಗ್ಲೂಕನ್ ಉಳಿಸೋದೊಂದೇ ಉದ್ದೇಶ ಅಂದ್ರೆ ಆ ದುಡ್ಡಲ್ಲಿ ಒಳ್ಳೇ ಪೌಚ್, ಸೀಲಿಂಗ್ ಮಷೀನು, ಲ್ಯಾಬ್ ಟೆಸ್ಟು ಎಲ್ಲಾ ಬಂದು ಇನ್ನೂ ಮಿಗತ್ತೆ. ಎಷ್ಟೋ ಜನ ಒಣಗಿಸೋ ಹನ್ನೆರಡು ಗಂಟೆಗೆ ಸಾಲ ಮಾಡ್ತಾರೆ, ಆಮೇಲಿನ ಆರು ತಿಂಗಳು ಮಾಲನ್ನ ಬಿಳಿ ಪ್ಲಾಸ್ಟಿಕ್ ಕವರಲ್ಲಿ ಗಂಟು ಹಾಕಿ ಇಡ್ತಾರೆ.

ಈಗ ಆ 40 ಪರ್ಸೆಂಟ್ ಪುಡಿ. ಕಾರ್ಡಿಸೆಪ್ಸ್ ಬೆಳೆಯೋದು ಅಕ್ಕಿ ಮೇಲೆ. ಕೊಯ್ಲಾದ ಮೇಲೆ ಉಳಿಯೋ ಅನ್ನದ ತಳಾನೂ ಸೇರಿಸಿ ಒಣಗಿಸಿ ಪುಡಿ ಮಾಡಿದ್ರೆ ತೂಕ ಜಾಸ್ತಿ, ಪಾಲಿಸ್ಯಾಕರೈಡೂ ಜಾಸ್ತಿ, ಯಾಕಂದ್ರೆ ಪಾಲಿಸ್ಯಾಕರೈಡ್ ಅಂದ್ರೆ ಸಕ್ಕರೆಯ ಉದ್ದ ಸರಪಳಿ, ಬೀಟಾ ಗ್ಲೂಕನ್ ಹಾಗೇ ಅಕ್ಕಿ ಹಿಟ್ಟಿನ ಪಿಷ್ಟಾನೂ ಪಾಲಿಸ್ಯಾಕರೈಡೇ. ರಿಪೋರ್ಟಲ್ಲಿ ಒಟ್ಟು ಪಾಲಿಸ್ಯಾಕರೈಡ್ ಅಂತಿದ್ರೆ ಅದಕ್ಕೆ ಬೆಲೆ ಕೊಡ್ಬೇಡಿ, ಬೀಟಾ ಗ್ಲೂಕನ್ ಎಷ್ಟು, ಪಿಷ್ಟದ ಆಲ್ಫಾ ಗ್ಲೂಕನ್ ಎಷ್ಟು ಅಂತ ಬೇರೆ ಬೇರೆ ಕೇಳಿ, ಕಾರ್ಡಿಸೆಪಿನ್ ಬೇರೇನೇ ಅಳೆಸಿ. ಮನೆಯಲ್ಲೇ ಒಂದು ಪರೀಕ್ಷೆ ಮಾಡ್ಬಹುದು, ಪುಡೀನ ನೀರಲ್ಲಿ ಕುದಿಸಿ ಆರಿಸಿ, ಮೆಡಿಕಲ್ ಶಾಪಲ್ಲಿ ಸಿಗೋ ಟಿಂಕ್ಚರ್ ಅಯೋಡಿನ್ ಒಂದು ಹನಿ ಬಿಡಿ. ನೀಲಿಗಪ್ಪು ಆಯ್ತಾ, ಒಳಗೆ ಅನ್ನ ಇದೆ. ಅಯೋಡಿನ್ನಿನ ಕಂದು ಬಣ್ಣವೇ ಉಳೀತಾ, ಪಿಷ್ಟ ಇಲ್ಲ. ನಿಮ್ಮ ಮಾಲನ್ನೂ ಆ ಪುಡೀನೂ ಎರಡು ಲೋಟದಲ್ಲಿ ಪಕ್ಕಪಕ್ಕ ಇಟ್ಟು ಗಿರಾಕಿ ಎದುರಿಗೇ ಹನಿ ಬಿಡಿ, ರೇಟಿನ ಮಾತು ಆಮೇಲೆ ಆಡೋಣ ಅನ್ನಿ.

ಹಾಂ, ಲೇಬಲ್ ಮೇಲೆ ಹಿಮಾಲಯದ ಕೀಡಾಜಡಿ ಅಂತ ಬರೀಬೇಡಿ. ಅದು ಉತ್ತರಾಖಂಡದ ಎತ್ತರದ ಹುಲ್ಲುಗಾವಲಲ್ಲಿ ಕಂಬಳಿಹುಳದ ಮೇಲೆ ಬೆಳೆಯೋ ಬೇರೆ ಜಾತಿ. ಶುಗರ್ ವಾಸಿ, ಕ್ಯಾನ್ಸರ್ ವಾಸಿ ಅಂತಾನೂ ಬೇಡ, ಅಂಥ ಜಾಹೀರಾತನ್ನ ತಡೆಯೋಕೆ 1954ರ ಕಾಯ್ದೆಯೇ ಇದೆ, ಆಹಾರ ಅಂತ ಮಾರೋದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು.

ಪ್ರಶ್ನೆ: ಹಾಸನದಿಂದ. ಮಾರ್ಚಲ್ಲಿ ಗರಿಗರಿಯಾಗಿ ಒಣಗಿಸಿಟ್ಟ ಅಣಬೆ ಆಗಸ್ಟಲ್ಲಿ ತೆಗೆದರೆ ಚರ್ಮದ ಥರ ಆಗಿದೆ, ಸಣ್ಣ ಹುಳಾನೂ ಇದೆ. ಮತ್ತೆ ಒಣಗಿಸಿದ್ರೆ ಆಗತ್ತಾ?

ಉತ್ತರ: ಬರೀ ಮೆತ್ತಗಾಗಿದ್ರೆ, ವಾಸನೆ ಚೆನ್ನಾಗಿದ್ರೆ 50 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕೊಡಿ, ಸರಿ ಹೋಗತ್ತೆ. ಬೂಷ್ಟು ವಾಸನೆ ಬಂದಿದ್ರೆ, ಬಿಳಿ ಹಸಿರು ಚುಕ್ಕೆ ಒಂದೇ ಒಂದು ಕಂಡ್ರೂ ಪೂರ್ತಿ ಎಸೀರಿ. ಬೂಷ್ಟಿನ ವಿಷ ಬಿಸಿಗೆ ಹೋಗಲ್ಲ, ಕಷಾಯದಲ್ಲಿ ಕುದಿಸಿದ್ರೂ ಹೋಗಲ್ಲ. ಹುಳ ಬಿದ್ದಿದ್ದನ್ನ ಸಾರಿಗೂ ಬಳಸ್ಬೇಡಿ ಅಂತೀನಿ.

ಮುಂದಿನ ಸಲಕ್ಕೆ ಹೀಗೆ ಮಾಡಿ. ಒಣಗಿದ್ದು ಕೈಗೆ ಬಿಸಿ ತಾಗದಷ್ಟು ಆರಿದ ಕೂಡ್ಲೆ ಪ್ಯಾಕ್ ಮಾಡಿ, ಮಳೆಗಾಲದಲ್ಲಿ ಟ್ರೇಯಲ್ಲೇ ಬಿಟ್ಟು ಊಟಕ್ಕೆ ಹೋದ್ರೆ ಬರೋ ಹೊತ್ತಿಗೆ ತೇವ ಎಳ್ಕೊಂಡಿರತ್ತೆ. ಪ್ಯಾಕಾದ ಮೇಲೆ ಒಂದು ವಾರ ಫ್ರೀಜರಲ್ಲಿಡಿ, ಕಣ್ಣಿಗೆ ಕಾಣದ ಮೊಟ್ಟೆಗಳು ಸಾಯ್ತವೆ, ರೀಶಿಗಂತೂ ಇದು ಬೇಕೇ ಬೇಕು, ಅದನ್ನ ಕೊರೆದು ತಿನ್ನೋಕೆ ಅಂತಲೇ ದುಂಬಿಗಳಿವೆ. ಹೊರಗೆ ತೆಗೆದಾಗ ಪೌಚು ಕೋಣೆಯ ಬಿಸಿಗೆ ಬರೋವರೆಗೂ ಬಿಚ್ಚಬಾರ್ದು, ಬಿಚ್ಚಿದ್ರೆ ಒಳಗೆಲ್ಲ ನೀರು ಕೂರತ್ತೆ. ದೊಡ್ಡದೊಂದು ಡಬ್ಬಿ ಬದಲು ಚಿಕ್ಕ ಚಿಕ್ಕ ಪ್ಯಾಕ್ ಮಾಡಿ, ದಿನಾ ಒಂದು ಚಮಚಕ್ಕೆ ಅಂತ ಇಡೀ ಡಬ್ಬಿ ತೆರೆದು ಮುಚ್ಚೋದು ತಪ್ಪತ್ತೆ. ಚೂರಾಗಿಯೇ ಇಡಿ, ಪುಡಿ ಬೇಕಾದಾಗ ಬೇಕಾದಷ್ಟೇ ಮಾಡ್ಕೊಳ್ಳಿ, ಪುಡಿಯಾದ್ರೆ ತೇವಾನೂ ಬೇಗ ಹೀರತ್ತೆ, ಗಾಳೀನೂ ಎಲ್ಲಾ ಕಡೆಯಿಂದ ತಾಗತ್ತೆ.

ಪ್ರಶ್ನೆ: ನಮ್ಮತ್ತೆಗೆ ಹಾರ್ಟಿಗೆ ರಕ್ತ ತೆಳು ಮಾಡೋ ಮಾತ್ರೆ ನಡೀತಿದೆ. ಮನೆಯಲ್ಲಿ ಒಣಗಿಸಿದ ರೀಶಿ ಕಷಾಯ ಕೊಡಬಹುದಾ? ಪುಡಿ ಹಾಲಿಗೆ ಹಾಕಿದ್ರೆ ಸಾಕಾ, ಕುದಿಸ್ಲೇಬೇಕಾ? (ಬೆಂಗಳೂರಿನ ಓದುಗರು)

ಉತ್ತರ: ಅವ್ರ ಡಾಕ್ಟರನ್ನ ಕೇಳದೆ ಬೇಡ. ರೀಶಿಗೂ ರಕ್ತ ಹೆಪ್ಪುಗಟ್ಟೋದನ್ನ ಸ್ವಲ್ಪ ತಡೆಯೋ ಗುಣ ಇದೆ, ಎರಡೂ ಸೇರಿದ್ರೆ ರಕ್ತಸ್ರಾವದ ಅಪಾಯ. ಆಪರೇಷನ್ ಇರೋರು, ಕಿಡ್ನಿ ಲಿವರ್ ಕಸಿ ಮಾಡಿಸ್ಕೊಂಡು ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ತಗೊಳ್ಳೋರು, ಶುಗರ್ ಮಾತ್ರೆಯವ್ರು ಎಲ್ಲರಿಗೂ ಇದೇ ಮಾತು. ರೀಶಿ ಪುಡಿ ತಗೊಂಡು ಲಿವರ್ ಕೆಟ್ಟ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಜಪಾನಲ್ಲಿ ಅಣಬೆ ಔಷಧಿ ಆಸ್ಪತ್ರೆಯಲ್ಲೇ ಕೊಡ್ತಾರೆ ಅಂತ ನೀವು ಬರೆದಿದೀರಿ. ಅಲ್ಲಿ ಲೆಂಟಿನಾನ್ ಅಂತ ಬಳಸಿದ್ದು ಶುದ್ಧ ಮಾಡಿದ ವಸ್ತು, ಇಂಜೆಕ್ಷನ್ ರೂಪದಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ. ನಮ್ಮ ಡಬ್ಬಿ ಪುಡಿಗೂ ಅದಕ್ಕೂ ಸಂಬಂಧ ಕಟ್ಟಬಾರ್ದು.

ಆರೋಗ್ಯವಾಗಿರೋರು ಕುಡಿಯೋದಾದ್ರೆ ಕುದಿಸಿಯೇ ಕುಡೀಬೇಕು. ಅಣಬೆಯ ಜೀವಕೋಶದ ಗೋಡೆಯಲ್ಲಿ ಬೀಟಾ ಗ್ಲೂಕನ್ ಜೊತೆ ಕೈಟಿನ್ ಅನ್ನೋ ಗಟ್ಟಿ ವಸ್ತುವೂ ಇದೆ, ಏಡಿ ಸಿಗಡಿ ಚಿಪ್ಪಲ್ಲಿ ಇರೋದೂ ಅದೇ, ನಮ್ಮ ಹೊಟ್ಟೆಗೆ ಅದು ಸರಿಯಾಗಿ ಜೀರ್ಣ ಆಗಲ್ಲ. ಸಣ್ಣ ಉರಿಯಲ್ಲಿ ಒಂದೆರಡು ಗಂಟೆ ಬೇಯಿಸಿದ್ರೆ ಬೀಟಾ ಗ್ಲೂಕನ್ ನೀರಿಗೆ ಇಳಿಯತ್ತೆ. ಟ್ರೈಟರ್ಪೀನು ನೀರಿಗೆ ಅಷ್ಟಾಗಿ ಇಳಿಯಲ್ಲ, ಅದಕ್ಕೆ ಮದ್ಯಸಾರ ಬೇಕು, ಕಂಪನಿಯವ್ರು ಎರಡು ಸಲ ಸಾರ ತೆಗೆಯೋದು ಅದಕ್ಕೇ. ಮತ್ತೆ ನೋಡಿ, 38 ಡಿಗ್ರಿಗೆ ಒಣಗಿಸಿದೀವಿ ಅಂತ ಹೆಮ್ಮೆಯಿಂದ ಮಾರೋರೂ ಗಿರಾಕಿಗೆ ಕೊನೆಗೆ ಹೇಳೋದು ಎರಡು ಗಂಟೆ ಕುದಿಸಿ ಅಂತಲೇ!

ಪ್ರಶ್ನೆ: ತೀರ್ಥಹಳ್ಳಿ ಹತ್ರ ನಮ್ಮ ಅಡಿಕೆ ತೋಟದಲ್ಲಿ ಸತ್ತ ಮರದ ಬುಡದಲ್ಲಿ ಕೆಂಪಗೆ, ವಾರ್ನಿಷ್ ಹೊಡೆದ ಹಾಗೆ ಹೊಳೆಯೋ ಗಟ್ಟಿ ಅಣಬೆ ಎದ್ದಿದೆ. ಫೋಟೋದಲ್ಲಿ ನೋಡಿದ್ರೆ ಥೇಟ್ ರೀಶಿ. ಕಿತ್ತು ಒಣಗಿಸಿ ಮಾರಬಹುದಾ?

ಉತ್ತರ: ಇಂಥದೊಂದು ಪತ್ರ ಬಂದೇ ಬರತ್ತೆ ಅಂತ ಕಾಯ್ತಿದ್ದೆ. ನೀವು ನೋಡಿದ್ದು ಗ್ಯಾನೊಡರ್ಮಾನೇ ಇರಬಹುದು, ನಮ್ಮ ಅಡಿಕೆ ಬೆಳೆಗಾರರು ತಲೆತಲಾಂತರದಿಂದ ಬಯ್ಕೊಳ್ತಾ ಬಂದಿರೋ ಅಣಬೆ ರೋಗ ಅದೇ. ಮರದ ಬೇರು ಬುಡ ಕೊಳೆಸಿ, ಸೋಗೆ ಹಳದಿಯಾಗಿ ಜೋತುಬಿದ್ದು, ಮರ ಮುಗಿದ ಮೇಲೆ ಬುಡದಲ್ಲಿ ಹೀಗೆ ಕೊಡೆ ಬಿಡತ್ತೆ. ಹಳೇ ಪುಸ್ತಕಗಳಲ್ಲಿ ಇದಕ್ಕೂ ಔಷಧಿ ರೀಶಿಗೂ ಒಂದೇ ವೈಜ್ಞಾನಿಕ ಹೆಸರು ಬರೆದಿರೋದರಿಂದ ಗೊಂದಲ. ಈ ಕುಲದಲ್ಲಿ ಜಾತಿಗಳು ಒಂದರ ಥರ ಒಂದು ಕಾಣ್ತವೆ, ಬರಿಗಣ್ಣಲ್ಲಿ ಇದು ಅದೇ ಅಂತ ಹೇಳೋಕಾಗಲ್ಲ, ಡಿಎನ್ಎ ನೋಡ್ಬೇಕು.

ಜಾತಿ ಸರಿಯೇ ಇದೆ ಅಂದ್ಕೊಂಡ್ರೂ ಮಾರಬಾರದು. ಕೊಳೆರೋಗಕ್ಕೆ ಅಂತ ಪ್ರತಿ ಮಳೆಗಾಲ ಮೈಲುತುತ್ತು ಸುಣ್ಣದ ಬೋರ್ಡೋ ಹೊಡೀತೀರಿ, ಅದರ ತಾಮ್ರ ವರ್ಷವರ್ಷ ಬುಡಕ್ಕೇ ಇಳಿದು ಕೂತಿದೆ. ಅಣಬೆಗಳು ಮಣ್ಣಿನ ಲೋಹಗಳನ್ನ ಹೀರಿ ಇಟ್ಕೊಳ್ಳೋದ್ರಲ್ಲಿ ಎತ್ತಿದ ಕೈ, ಎಷ್ಟು ಚೆನ್ನಾಗಿ ಒಣಗಿಸಿದ್ರೂ ಲೋಹ ಎಲ್ಲೂ ಹೋಗಲ್ಲ, ನೀರು ಹೋದಷ್ಟೂ ಗ್ರಾಂ ಲೆಕ್ಕದಲ್ಲಿ ಜಾಸ್ತಿಯಾಗತ್ತೆ. ಕಿತ್ತು ಸುಟ್ಟುಬಿಡಿ, ಬುಡ ಅಗೆದು ತೆಗೆದು, ಪಕ್ಕದ ಮರಕ್ಕೆ ಬೇರಿಂದ ಬೇರಿಗೆ ದಾಟದ ಹಾಗೆ ಕಂದಕ ಹೊಡೆಸಿ.

ಇದೇ ಕಾರಣಕ್ಕೆ ಸಾಗರದವ್ರಿಗೂ ಒಂದು ಮಾತು. ಅಡಿಕೆ, ತೆಂಗಿನ ತೋಟದ ಒಳಗೆ ರೀಶಿ ಶೆಡ್ ಇಡಬೇಡಿ. ಕೊಯ್ಲು ಮುಗಿದ ರೀಶಿ ಬ್ಯಾಗನ್ನ ಚಿಪ್ಪಣಬೆ ಬ್ಯಾಗಿನ ಹಾಗೆ ಗೊಬ್ಬರ ಅಂತ ತೋಟಕ್ಕೆ ಸುರಿಯೋದಂತೂ ಬೇಡವೇ ಬೇಡ, ಬಿಸಿ ಹಬೆಯಲ್ಲಿ ಚೆನ್ನಾಗಿ ಬೇಯಿಸಿ ಸಾಯಿಸಿ, ಇಲ್ಲಾ ಒಣಗಿಸಿ ನೀರು ಕಾಯಿಸೋ ಒಲೆಗೆ ಹಾಕಿ.